ಊರಿಗೆ ಉಣುಗೋಲು ಹಾಕಿದ್ದು ಯಾರು?

2020ರಲ್ಲಿ ಯುಗಾದಿ ಮಾರ್ಚ್ 25ಕ್ಕೆ ಬಂದಿತ್ತು. ನಮ್ಮ ಕಡೆ ಬೇವಿನ ಮರ ಅಪರೂಪ. ಹಬ್ಬದ ಹಿಂದಿನ ದಿನ ಪೇಟೆಯಲ್ಲಿ ಬಯಲುಸೀಮೆಯಿಂದ ಬಂದ ಬೇವಿನ ಸೊಪ್ಪನ್ನು ಕಟ್ಟು ಕಟ್ಟಾಗಿ ಮಾರುತ್ತಾರೆ. ಒಂದು ಕಟ್ಟು ತಂದರೆ ಆಯಿತು. ಆ ವರ್ಷ ಪೇಟೆಯೇ ಇರಲಿಲ್ಲ. ಬರೀ ಬೆಲ್ಲ ತಿಂದು ಹಬ್ಬ ಮಾಡಿದ್ದು ಅದೊಂದೇ ಸಲ.

ಮಧ್ಯಾಹ್ನ ಊಟ ಮುಗಿಸಿ ಸುಮ್ನೆ ರಸ್ತೆ ಕಡೆ ಹೋದೆ. ಡಾಂಬರು ರಸ್ತೆಯಿಂದ ನಮ್ಮೂರಿಗೆ ತಿರುಗುವ ಜಾಗದಲ್ಲಿ ಎರಡು ಗೂಟ ನೆಟ್ಟು, ಅಡ್ಡಕ್ಕೆ ಅಡಿಕೆ ಮರದ ಮೂರು ಕಂಬ ತೂರಿಸಿದ್ದರು. ತೋಟಕ್ಕೆ ದನ ನುಗ್ಗದ ಹಾಗೆ ಹಾಕುತ್ತೇವಲ್ಲ, ಅದೇ ಉಣುಗೋಲು. ಈಗ ಊರಿಗೇ ಹಾಕಿದ್ದರು. ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ ಹರಿದು ಮಾಡಿದ ಬೋರ್ಡೊಂದು ತೂಗುತ್ತಿತ್ತು: ‘ಹೊರಗಿನವರಿಗೆ ಪ್ರವೇಶ ಇಲ್ಲ. ಆದೇಶದ ಮೇರೆಗೆ.’ ಪಕ್ಕದಲ್ಲಿ ಮುಖಕ್ಕೆ ಟವೆಲ್ ಸುತ್ತಿಕೊಂಡು ನೆರೆಮನೆಯ ದೊಡ್ಡಪ್ಪ ಕೂತಿದ್ದರು.

“ಯಾರ ಆದೇಶ ದೊಡ್ಡಪ್ಪ?”

“ಮೇಲಿಂದ ಬಂದಿದೆ ಮಾರಾಯ.”

“ಮೇಲಿಂದ ಅಂದ್ರೆ?”

“ಮೇಲಿಂದ ಅಂದ್ರೆ ಮೇಲಿಂದ. ಎಂತಕ್ಕೆ ಇಷ್ಟು ಕೇಳ್ತೀಯ?”

ಮುಂದಿನ ಎರಡು ವರ್ಷ ಯಾರನ್ನು ಕೇಳಿದರೂ ಇದೇ ಉತ್ತರ. ಅಂಗಡಿ ಎಷ್ಟು ಹೊತ್ತು ತೆಗೆಯಬೇಕು, ಮದುವೆಗೆ ಎಷ್ಟು ಜನ ಬರಬಹುದು, ಬೆಂಗಳೂರಿನಿಂದ ಬಂದ ಮಗ ಜಗಲಿ ಮೇಲೆ ಮಲಗಬೇಕೋ ಹಾಸ್ಟೆಲಿನಲ್ಲೋ, ಎಲ್ಲವೂ ಮೇಲಿಂದ. ಆದರೆ ಆ ‘ಮೇಲೆ’ ಒಂದೇ ಜಾಗ ಆಗಿರಲಿಲ್ಲ. ಒಮ್ಮೆ ದಿಲ್ಲಿ, ಒಮ್ಮೆ ಬೆಂಗಳೂರು, ಒಮ್ಮೆ ಶಿವಮೊಗ್ಗದ ಡಿಸಿ ಕಚೇರಿ. ಯಾವ ಆದೇಶ ಯಾರದ್ದು, ಯಾವ ದುಡ್ಡು ಯಾರದ್ದು ಎಂದು ಬಿಡಿಸಿ ನೋಡಿದರೆ ಆ ಎರಡು ವರ್ಷದ ರಾಜಕೀಯ ಅರ್ಧ ತಿಳಿಯುತ್ತದೆ. ಅದನ್ನೇ ಇಲ್ಲಿ ಬಿಡಿಸಲು ನೋಡಿದ್ದೇನೆ.

ಪ್ಲೇಗಿನ ಕಾಯ್ದೆ, ಸುನಾಮಿಯ ಕಾಯ್ದೆ

ಸಂವಿಧಾನ ಆಡಳಿತದ ಕೆಲಸಗಳನ್ನು ಮೂರು ಪಟ್ಟಿಯಲ್ಲಿ ಹಂಚಿದೆ. ಕೇಂದ್ರದ್ದು, ರಾಜ್ಯದ್ದು, ಇಬ್ಬರಿಗೂ ಸೇರಿದ್ದು. ಜನರ ಆರೋಗ್ಯ ಮತ್ತು ಆಸ್ಪತ್ರೆ ರಾಜ್ಯದ ಪಟ್ಟಿಯಲ್ಲಿವೆ. ಪೊಲೀಸರೂ ಅಷ್ಟೇ. ಸಾಂಕ್ರಾಮಿಕ ರೋಗ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹರಡದಂತೆ ತಡೆಯುವ ಕೆಲಸ ಇಬ್ಬರಿಗೂ ಸೇರಿದ್ದು. ಅಂದರೆ ಊರಿಗೆ ಜ್ವರ ಬಂದರೆ ಮೊದಲು ಓಡಬೇಕಾದ್ದು ಬೆಂಗಳೂರು.

ಮೊದಲು ಓಡಿದ್ದೂ ಬೆಂಗಳೂರೇ. 2020ರ ಮಾರ್ಚ್ 11ರಂದು ರಾಜ್ಯ ಸರ್ಕಾರ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಅಡಿ ಕೋವಿಡ್ ನಿಯಮಗಳನ್ನು ಹೊರಡಿಸಿತು. ಮುಂಬೈಯಲ್ಲಿ ಪ್ಲೇಗ್ ಎದ್ದಾಗ ಬ್ರಿಟಿಷರು ಮಾಡಿದ ಕಾಯ್ದೆ ಅದು. ಇದ್ದದ್ದೇ ನಾಲ್ಕು ಸೆಕ್ಷನ್. ಮರುದಿನ ಕಲಬುರಗಿಯಲ್ಲಿ ತೀರಿಕೊಂಡಿದ್ದ ವೃದ್ಧರೊಬ್ಬರಿಗೆ ಕೋವಿಡ್ ಇದ್ದದ್ದು ಖಚಿತವಾಯಿತು. ದೇಶದ ಮೊದಲ ಕೋವಿಡ್ ಸಾವು ಅದು. ಅದರ ಬೆನ್ನಿಗೇ ಮುಖ್ಯಮಂತ್ರಿ ಯಡಿಯೂರಪ್ಪ ಮಾಲು, ಥಿಯೇಟರುಗಳನ್ನು ಒಂದು ವಾರ ಮುಚ್ಚಿಸಿದರು. ಆಮೇಲೆ ಮಾರ್ಚ್ 31ರವರೆಗೆ ಇಡೀ ರಾಜ್ಯ ಬಂದ್ ಎಂದರು. ನಮಗೆ ಬೇವಿನ ಸೊಪ್ಪು ತಪ್ಪಿಸಿದ್ದು ಈ ರಾಜ್ಯದ ಬಂದ್. ದಿಲ್ಲಿಯ ಲಾಕ್‌ಡೌನ್ ಇನ್ನೂ ಶುರುವಾಗಿರಲಿಲ್ಲ.

ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿ ಟಿವಿಯಲ್ಲಿ ಬಂದರು. ಮಧ್ಯರಾತ್ರಿಯಿಂದ 21 ದಿನ ದೇಶವೆಲ್ಲ ಬಂದ್. ಇದಕ್ಕೆ ಬಳಸಿದ್ದು ಬೇರೆಯದೇ ಕಾಯ್ದೆ, 2005ರ ವಿಪತ್ತು ನಿರ್ವಹಣಾ ಕಾಯ್ದೆ. 2004ರ ಡಿಸೆಂಬರಿನಲ್ಲಿ ಸುನಾಮಿ ಬಂದ ಮೇಲೆ ಮಾಡಿದ್ದು. ನೆರೆ, ಭೂಕಂಪ, ಚಂಡಮಾರುತ ಇಂಥವನ್ನು ಮನಸ್ಸಿನಲ್ಲಿಟ್ಟು ಬರೆದ ಕಾಯ್ದೆ ಅದು.

ಈ ಕಾಯ್ದೆಗೆ ಒಂದು ಗುಣ ಇದೆ. ಅಧಿಕಾರ ಮೇಲಿನಿಂದ ಕೆಳಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ತುದಿಯಲ್ಲಿ ರಾಷ್ಟ್ರೀಯ ಪ್ರಾಧಿಕಾರ, ಅದಕ್ಕೆ ಪ್ರಧಾನಿಯೇ ಅಧ್ಯಕ್ಷರು. ಅದರ ಕೆಳಗೆ ಕೇಂದ್ರ ಗೃಹ ಕಾರ್ಯದರ್ಶಿಯ ನೇತೃತ್ವದ ಒಂದು ಸಮಿತಿ. ಈ ಸಮಿತಿ ಯಾವ ರಾಜ್ಯಕ್ಕೆ ಬೇಕಾದರೂ ‘ಹೀಗೆ ಮಾಡಿ’ ಎಂದು ನಿರ್ದೇಶನ ಕೊಡಬಹುದು. ಹಾಗಾಗಿ ಆರೋಗ್ಯ ರಾಜ್ಯದ ಪಟ್ಟಿಯಲ್ಲೇ ಇದ್ದರೂ ತೀರ್ಥಹಳ್ಳಿಯ ಸಲೂನು ತೆಗೆಯಬಹುದೋ ಇಲ್ಲವೋ ಎಂಬುದು ದಿಲ್ಲಿಯ ಗೃಹ ಕಾರ್ಯದರ್ಶಿ ಸಹಿ ಹಾಕಿದ ಕಾಗದದಲ್ಲಿ ಇರುತ್ತಿತ್ತು. ರಾಜ್ಯಕ್ಕೆ ಅದನ್ನು ಬಿಗಿ ಮಾಡಲು ಅವಕಾಶ ಇತ್ತು, ಸಡಿಲ ಮಾಡಲು ಇರಲಿಲ್ಲ.

ಕೆಳಗಿನ ಮೆಟ್ಟಿಲು ಜಿಲ್ಲಾ ಪ್ರಾಧಿಕಾರ. ಅದಕ್ಕೆ ಡಿಸಿ ಅಧ್ಯಕ್ಷರು. ಇದು ಎಲ್ಲರಿಗೂ ಗೊತ್ತು. ಎಷ್ಟೋ ಜನಕ್ಕೆ ಗೊತ್ತಿಲ್ಲದ್ದು ಏನೆಂದರೆ, ಅದೇ ಕಾಯ್ದೆಯ 25ನೇ ಸೆಕ್ಷನ್ ಡಿಸಿಯ ಜೊತೆ ಒಬ್ಬ ಸಹ ಅಧ್ಯಕ್ಷರು ಇರಬೇಕು ಎನ್ನುತ್ತದೆ. ಅವರು ಜನ ಆರಿಸಿದ ಸ್ಥಳೀಯ ಪ್ರತಿನಿಧಿ ಆಗಿರಬೇಕು. ನಮ್ಮಲ್ಲಿ ಅಂದರೆ ಜಿಲ್ಲಾ ಪಂಚಾಯಿತಿ ಅಧ್ಯಕ್ಷರು. ಆ ಎರಡು ವರ್ಷದಲ್ಲಿ ಯಾವುದಾದರೂ ಕೋವಿಡ್ ಸುದ್ದಿಯಲ್ಲಿ ಸಹ ಅಧ್ಯಕ್ಷರ ಮಾತು ಕೇಳಿದ ನೆನಪು ನಿಮಗಿದೆಯಾ? ನನಗಿಲ್ಲ. ಇದಕ್ಕೆ ಮತ್ತೆ ಬರುತ್ತೇನೆ.

ಇನ್ನು ದೊಡ್ಡಪ್ಪನ ಉಣುಗೋಲು. ಆಮೇಲೆ ಕೂತು ಆದೇಶಗಳನ್ನು ಹುಡುಕಿ ಓದಿದೆ. ಮಾರ್ಚ್ 29ರಂದು ಕೇಂದ್ರದ ಗೃಹ ಇಲಾಖೆ ರಾಜ್ಯದ ಗಡಿ, ಜಿಲ್ಲೆಯ ಗಡಿ ಮುಚ್ಚಿ ಎಂದಿತ್ತು. ಊರಿನ ಗಡಿ ಮುಚ್ಚಿ ಎಂದು ಯಾರೂ ಎಲ್ಲೂ ಬರೆದಿಲ್ಲ. ಸಾಮಾನು ಸಾಗಿಸುವ ಗಾಡಿ ತಡೆಯಬಾರದು ಎಂದೇ ಇತ್ತು. ಅಂದರೆ ಆ ಬೋರ್ಡಿನ ‘ಆದೇಶ’ ನಮ್ಮೂರವರೇ ಹೊರಡಿಸಿಕೊಂಡದ್ದು. ಇದರಲ್ಲಿ ಆಶ್ಚರ್ಯ ಏನಿಲ್ಲ. ಅದೇ ಫೆಬ್ರವರಿಯಲ್ಲಿ ಸಾಗರದ ಮಾರಿಜಾತ್ರೆ ಮುಗಿದಿತ್ತು. ರೋಗ ರುಜಿನ ಬಂದಾಗ ಮಾರಿಯನ್ನು ಊರ ಗಡಿ ದಾಟಿಸಿ ಬರುವುದು ನಮ್ಮ ಹಿರಿಯರಿಗೆ ಗೊತ್ತಿದ್ದ ಮದ್ದು. ರೋಗ ಅಂದರೆ ಗಡಿ, ಗಡಿ ಅಂದರೆ ಬೇಲಿ. ಟಿವಿಯಲ್ಲಿ ಪ್ರಧಾನಿ ಮನೆ ಬಾಗಿಲಿಗೆ ಲಕ್ಷ್ಮಣರೇಖೆ ಎಂದಾಗ ನಮ್ಮವರಿಗೆ ತಕ್ಷಣ ಅರ್ಥವಾದದ್ದು ಅದಕ್ಕೇ.

ಗಂಟೆ ಬಾರಿಸದ ಕಾಯಿಲೆ

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಮಲೆನಾಡಿನಲ್ಲಿ ಮಾರ್ಚ್ ತಿಂಗಳ ಜ್ವರ ಅಂದರೆ ಮೊದಲು ನೆನಪಾಗುವುದು ಕೊರೊನಾ ಅಲ್ಲ, ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗ ಪತ್ತೆಯಾದ ವೈರಸ್ ಅದು. ಪ್ರಪಂಚದ ಪುಸ್ತಕಗಳಲ್ಲಿ ಆ ಕಾಡಿನ ಹೆಸರೇ ಕಾಯಿಲೆಯ ಹೆಸರು. ಉಣುಗು ಕಚ್ಚಿ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಚಳಿಗಾಲದ ಹೊತ್ತಿಗೆ ಶುರುವಾಗಿ ಮಳೆ ಬೀಳುವವರೆಗೆ ಕಾಡುತ್ತದೆ. 2019ರ ಆರಂಭದಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಮನೆ ಮನೆಗೆ ಜ್ವರ ಬಂದು ಜನ ಸತ್ತರು. ಅಲ್ಲಿಗೆ ಕೋವಿಡ್ ಬರಲು ಇನ್ನೂ ಒಂದು ವರ್ಷ ಇತ್ತು.

ಅದಕ್ಕೂ ಲಸಿಕೆ ಇತ್ತು, ಕಾಡಿಗೆ ಹೋಗುವಾಗ ಮೈಗೆ ಹಚ್ಚಿಕೊಳ್ಳಲು ಡೆಪಾ ಎಣ್ಣೆ ಇತ್ತು, ಮನೆ ಬಾಗಿಲಿಗೆ ಬಂದು ಜ್ವರ ಕೇಳುವ ಆಶಾ ಕಾರ್ಯಕರ್ತೆ ಇದ್ದಳು. ಇಲ್ಲದೆ ಇದ್ದದ್ದು ದಿಲ್ಲಿಯ ಗಮನ. ಸೊಪ್ಪು, ದರಗು ತರಲು ಕಾಡಿಗೆ ಹೋಗುವ ನಾಲ್ಕು ತಾಲೂಕಿನ ಜನರಿಗೆ ಬರುವ ಕಾಯಿಲೆಗೆ ರಾತ್ರಿ 8 ಗಂಟೆಯ ಭಾಷಣ ಇರುವುದಿಲ್ಲ, ಇರಬೇಕೆಂದು ಕೇಳುವುದೂ ಸರಿಯಲ್ಲ. ಆದರೆ 2020ರ ಮಾರ್ಚ್ 22ರ ಸಂಜೆ 5ಕ್ಕೆ ನಮ್ಮೂರಿನಲ್ಲೂ ಜಾಗಟೆ ಬಾರಿಸಿದಾಗ ನನಗೆ ಅರಳಗೋಡು ನೆನಪಾಯಿತು, ಅಷ್ಟೇ. ಯಾವ ರೋಗ ರಾಷ್ಟ್ರದ್ದು, ಯಾವುದು ಬರೀ ಸೊರಬ ಸಾಗರದ್ದು ಎಂದು ತೀರ್ಮಾನವಾಗುವುದೂ ರಾಜಕೀಯವೇ.

ಆ ಆಶಾ ಕಾರ್ಯಕರ್ತೆಯ ವಿಷಯ ಬಂತಲ್ಲ, ಅವಳ ಸಂಬಳದ ಲೆಕ್ಕ ನೋಡಿ. ಸಂಬಳ ಎನ್ನಬಾರದು, ಅವಳು ಸರ್ಕಾರಿ ನೌಕರಳಲ್ಲ. ಯೋಜನೆ ದಿಲ್ಲಿಯದ್ದು, 2005ರ ಗ್ರಾಮೀಣ ಆರೋಗ್ಯ ಮಿಷನ್ನಿನದ್ದು. ಮಾಡಿದ ಒಂದೊಂದು ಕೆಲಸಕ್ಕೆ ಇಷ್ಟಿಷ್ಟು ಎಂದು ಪ್ರೋತ್ಸಾಹಧನ. ಮೇಲೆ ಆಗ ರಾಜ್ಯದಿಂದ ತಿಂಗಳಿಗೆ 4,000 ರೂಪಾಯಿ ಗೌರವಧನ. ಕೋವಿಡ್ ಕೆಲಸಕ್ಕೆ ಕೇಂದ್ರದಿಂದ ತಿಂಗಳಿಗೆ 1,000. ಎರಡು ಜೇಬು, ಯಾವುದೂ ತುಂಬಿದ್ದಲ್ಲ. 2020ರ ಜುಲೈನಲ್ಲಿ ರಾಜ್ಯದ ಸುಮಾರು 42,000 ಆಶಾಗಳು ತಿಂಗಳಿಗೆ 12,000 ಗೌರವಧನ ಮತ್ತು ಸರಿಯಾದ ಮಾಸ್ಕು, ರಕ್ಷಣೆಯ ಸಾಮಾನು ಕೇಳಿ ಕೆಲಸ ನಿಲ್ಲಿಸಿದರು. ನಾಲ್ಕು ತಿಂಗಳ ಹಿಂದೆ ಜಾಗಟೆ ಬಾರಿಸಿದ್ದು ಇವರಿಗೇ ಅಲ್ವಾ? ಬೆಂಗಳೂರಿನಲ್ಲಿ ಕೇಳಿದರೆ ಯೋಜನೆ ಕೇಂದ್ರದ್ದು, ಕೇಂದ್ರದಲ್ಲಿ ಕೇಳಿದರೆ ಆರೋಗ್ಯ ರಾಜ್ಯದ್ದು.

ಒಂದು ಚೀಲ ಅಕ್ಕಿ, ಮೂರು ಲೆಕ್ಕ

ಮೇ ತಿಂಗಳ ಎರಡನೇ ವಾರದವರೆಗೆ ಶಿವಮೊಗ್ಗ ಜಿಲ್ಲೆ ಹಸಿರು ವಲಯ. ಒಂದೂ ಪ್ರಕರಣ ಇರಲಿಲ್ಲ. ಕೆಂಪು, ಕಿತ್ತಳೆ, ಹಸಿರು ಪಟ್ಟಿ ಮಾಡುತ್ತಿದ್ದದ್ದು ದಿಲ್ಲಿಯ ಆರೋಗ್ಯ ಸಚಿವಾಲಯ. ಮೊದಲ ಪ್ರಕರಣಗಳು ಹೊರರಾಜ್ಯದಿಂದ ಮರಳಿದವರಲ್ಲಿ ಸಿಕ್ಕವು. ಆಮೇಲೆ ಊರಿಗೆ ಬಂದ ಪ್ರತಿಯೊಬ್ಬನ ಕೈ ಮೇಲಿನ ಕ್ವಾರಂಟೈನ್ ಮುದ್ರೆ ನೋಡುವುದೇ ಜನರ ಕೆಲಸವಾಯಿತು. ಮತದಾನದ ಶಾಯಿಯನ್ನೇ ಹಾಕುತ್ತಿದ್ದರು. ತಿಕ್ಕಿದರೂ ಹೋಗುತ್ತಿರಲಿಲ್ಲ.

ರೋಗ ಇಲ್ಲದಿದ್ದರೂ ಕೆಲಸ ಇರಲಿಲ್ಲ. ಬಸ್ಸಿಲ್ಲ, ಕೂಲಿ ಇಲ್ಲ. ಯಕ್ಷಗಾನ ಮೇಳಗಳು ತಿರುಗಾಟದ ನಡುವೆಯೇ ಗೆಜ್ಜೆ ಬಿಚ್ಚಿದವು. ಸೊರಬದ ಕಡೆ ಅನಾನಸ್ ಹೊಲದಲ್ಲೇ ಹಣ್ಣಾಗಿ ಕೊಳೆಯಿತು. ಆಗ ಸೊಸೈಟಿಯ ಅಕ್ಕಿ ಎಷ್ಟೋ ಮನೆ ಉಳಿಸಿತು, ಇದರಲ್ಲಿ ಎರಡು ಮಾತಿಲ್ಲ.

ಆ ಅಕ್ಕಿ ಯಾರದ್ದು ಎಂಬ ಜಗಳ ನಮ್ಮ ಸೊಸೈಟಿ ಕಟ್ಟೆಯ ಮೇಲೆ ದಿನಾ ನಡೆಯುತ್ತಿತ್ತು. ಒಬ್ಬ ಮೋದಿ ಅಕ್ಕಿ ಎಂದರೆ ಇನ್ನೊಬ್ಬ ಸಿದ್ದರಾಮಯ್ಯನ ಅಕ್ಕಿ ಎನ್ನುತ್ತಿದ್ದ. ಇಬ್ಬರದೂ ಪೂರ್ತಿ ಸುಳ್ಳಲ್ಲ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಬಿಪಿಎಲ್ ಮನೆಯ ಪ್ರತಿ ತಲೆಗೆ ತಿಂಗಳಿಗೆ 5 ಕೆಜಿ ಧಾನ್ಯವನ್ನು ಕೇಂದ್ರ ಕೊಡಬೇಕು. ಆಗ ಅಕ್ಕಿಗೆ ಕೆಜಿಗೆ 3 ರೂಪಾಯಿ ಇತ್ತು. ಆ 3 ರೂಪಾಯಿಯನ್ನು ರಾಜ್ಯವೇ ಕಟ್ಟಿ ಜನರಿಗೆ ಪುಕ್ಕಟೆ ಕೊಡುತ್ತಿದ್ದದ್ದು ಅನ್ನಭಾಗ್ಯ. ಇವೆರಡರ ಮೇಲೆ 2020ರ ಏಪ್ರಿಲಿನಿಂದ ಕೇಂದ್ರ ಗರೀಬ್ ಕಲ್ಯಾಣ್ ಹೆಸರಿನಲ್ಲಿ ಇನ್ನೂ 5 ಕೆಜಿ ಪುಕ್ಕಟೆ ಸೇರಿಸಿತು. ನಡುವೆ ಕೆಲವು ತಿಂಗಳು ನಿಂತದ್ದು ಬಿಟ್ಟರೆ ಅದು 2022ರ ಡಿಸೆಂಬರಿನವರೆಗೆ ನಡೆಯಿತು. ಹಾಗಾಗಿ ಒಂದೇ ಚೀಲದಲ್ಲಿ ಮೂರು ಲೆಕ್ಕ. ಎಪಿಎಲ್ ಕಾರ್ಡಿನ ಸಣ್ಣ ತೋಟದವರಿಗೆ ಕೇಂದ್ರದ ಈ ಪುಕ್ಕಟೆ ಅಕ್ಕಿ ಇರಲಿಲ್ಲ. ಅವರು ಕಟ್ಟೆಯ ಜಗಳವನ್ನು ದೂರದಿಂದ ಕೇಳುತ್ತಿದ್ದರು.

ಉದ್ಯೋಗ ಖಾತ್ರಿಯ ಕೂಲಿ ಕರ್ನಾಟಕದಲ್ಲಿ 249 ರೂಪಾಯಿಂದ 275ಕ್ಕೆ ಏರಿತು. ಬೆಂಗಳೂರಿನ ಹೋಟೆಲು, ಕಂಪನಿ ಬಿಟ್ಟು ಬಂದ ಹುಡುಗರು ಅಪ್ಪಂದಿರ ಜೊತೆ ಇಂಗುಗುಂಡಿ ತೋಡಿದರು. ಇದು ದಿಲ್ಲಿಯ ದುಡ್ಡು, ಗ್ರಾಮ ಪಂಚಾಯಿತಿಯ ಕೆಲಸ. ಆದರೆ 2020ರ ಮಧ್ಯದಲ್ಲಿ ಗ್ರಾಮ ಪಂಚಾಯಿತಿಗಳ ಅವಧಿ ಮುಗಿಯಿತು. ಕೋವಿಡ್ ಇದೆ ಎಂದು ಚುನಾವಣೆ ಮುಂದೆ ಹೋಯಿತು. ಡಿಸೆಂಬರಿನಲ್ಲಿ ಮತದಾನ ಆಗುವವರೆಗೆ ಪಂಚಾಯಿತಿಯಲ್ಲಿ ಕೂತದ್ದು ಸರ್ಕಾರ ನೇಮಿಸಿದ ಆಡಳಿತಾಧಿಕಾರಿ. ಕ್ವಾರಂಟೈನ್ ಮನೆಗೆ ಸಾಮಾನು ಮುಟ್ಟಿಸಬೇಕು, ಹೊರಗಿಂದ ಬಂದವರ ಪಟ್ಟಿ ಮಾಡಬೇಕು. ಇಂಥ ಹೊತ್ತಿನಲ್ಲಿ ‘ನಮ್ಮ ಮೆಂಬರ್’ ಎಂದು ಬೈಯಲು ಅಧಿಕಾರದಲ್ಲಿ ಒಬ್ಬರೂ ಇರಲಿಲ್ಲ.

ಸಂಸದರ ನಿಧಿಯದ್ದೂ ಅದೇ ಕತೆ. ಒಬ್ಬ ಸಂಸದನಿಗೆ ವರ್ಷಕ್ಕೆ ಸಿಗುತ್ತಿದ್ದ 5 ಕೋಟಿಯನ್ನು ಕೇಂದ್ರ 2020ರ ಏಪ್ರಿಲಿನಲ್ಲಿ ಎರಡು ವರ್ಷಕ್ಕೆ ನಿಲ್ಲಿಸಿತು. 2021ರ ನವೆಂಬರಿನಲ್ಲಿ ಮತ್ತೆ ಶುರು ಮಾಡಿತು.

ಗೇಟು ಹಾಕಿದ್ದಾಗ ಆದ ಕಾನೂನು

ಸಂಸತ್ತು 2020ರ ಮಾರ್ಚ್ 23ರಂದು ಕಲಾಪ ಮುಗಿಸಿ ಎದ್ದಿತು. ಮತ್ತೆ ಸೇರಿದ್ದು ಸೆಪ್ಟೆಂಬರ್ 14ಕ್ಕೆ. ಆಗಲೂ ಪ್ರಶ್ನೋತ್ತರ ವೇಳೆ ಇರಲಿಲ್ಲ. ನಡುವಿನ ತಿಂಗಳುಗಳಲ್ಲಿ ಸುಗ್ರೀವಾಜ್ಞೆಗಳು ಬಂದವು. ಮೇ ತಿಂಗಳಲ್ಲಿ ರಾಜ್ಯದ ಎಪಿಎಂಸಿ ಕಾಯ್ದೆಗೆ, ಜೂನ್ 5ರಂದು ಕೇಂದ್ರದ ಕೃಷಿ ವಿಷಯಕ್ಕೆ, ಜುಲೈಯಲ್ಲಿ ರಾಜ್ಯದ ಭೂಸುಧಾರಣಾ ಕಾಯ್ದೆಗೆ.

ಮೂರನೆಯದು ಮಲೆನಾಡಿನವರಿಗೆ ಬರೀ ಕಾನೂನಲ್ಲ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದರು. ‘ಉಳುವವನೇ ಹೊಲದೊಡೆಯ’ ಎಂಬ ಮಾತು ಕಾನೂನಾಗಿ ಗಟ್ಟಿಯಾಗಲು 1974ರ ತಿದ್ದುಪಡಿವರೆಗೆ ಕಾಯಬೇಕಾಯಿತು. ಆ ಕಾಯ್ದೆಯ 79ಎ, 79ಬಿ ಕಲಮುಗಳು ಬೇರೆ ಆದಾಯ ಜಾಸ್ತಿ ಇರುವವರು, ಕೃಷಿಕರಲ್ಲದವರು ಹೊಲ ಕೊಳ್ಳದಂತೆ ತಡೆಯುತ್ತಿದ್ದವು. 2020ರ ಜುಲೈನ ಸುಗ್ರೀವಾಜ್ಞೆ ಅವನ್ನು ತೆಗೆದುಹಾಕಿತು. ತೆಗೆದದ್ದು ಸರಿಯೋ ತಪ್ಪೋ ಎಂದು ನಮ್ಮ ಮನೆಯಲ್ಲೇ ಎರಡು ಅಭಿಪ್ರಾಯ ಇದೆ. ಹೊಲ ಮಾರಬೇಕಾದವನಿಗೆ ಒಳ್ಳೆ ಬೆಲೆ ಸಿಗಲಿ ಎನ್ನುತ್ತಾನೆ ತಮ್ಮ. ನನ್ನ ತಕರಾರು ಹೊತ್ತಿನ ಮೇಲೆ. ಮದುವೆಗೆ 50 ಜನ, ಹೆಣಕ್ಕೆ 20 ಜನ ಎಂಬ ನಿಯಮ ಇರುವಾಗ ಸಭೆ ಸೇರಿಸಿ ಬೇಡ ಎನ್ನಲು ಎಷ್ಟು ಜನ ಬರಬಹುದಿತ್ತು?

ಅಡಿಕೆಯದ್ದು ಇನ್ನೊಂದು ವಿಚಿತ್ರ. ಏಪ್ರಿಲ್ 15ರ ಕೇಂದ್ರದ ನಿರ್ದೇಶನದಲ್ಲಿ ಗುಟ್ಕಾ, ತಂಬಾಕು ಮಾರುವಂತಿಲ್ಲ, ಹೊರಗೆ ಉಗುಳುವಂತಿಲ್ಲ ಎಂದು ಇತ್ತು. ಮಂಡಿ ಬಂದ್. ಗುಟ್ಕಾ ಇಲ್ಲ ಅಂದರೆ ಅಡಿಕೆ ಯಾರಿಗೆ ಎಂದು ಎಲ್ಲರೂ ತಲೆ ಮೇಲೆ ಕೈ ಹೊತ್ತರು. ಆದರೆ ದೇಶದ ಗಡಿ ಮುಚ್ಚಿದ್ದರಿಂದ ಹೊರಗಿನ ಅಡಿಕೆ ಬರುವುದೂ ಕಡಿಮೆಯಾಯಿತು. ಮಾರುಕಟ್ಟೆ ತೆರೆದ ಮೇಲೆ ದರ ಏರಿತು. ಒಂದೇ ಲಾಕ್‌ಡೌನ್ ಅನಾನಸ್ ಬೆಳೆದವನನ್ನು ಮುಳುಗಿಸಿ ಅಡಿಕೆ ಬೆಳೆದವನನ್ನು ತೇಲಿಸಿತು. ನಮ್ಮ ತಾಲೂಕಿನಲ್ಲಿ ದಿಲ್ಲಿಯ ಬಗ್ಗೆ ಯಾರಿಗೆ ಎಷ್ಟು ಸಿಟ್ಟು ಎಂಬುದನ್ನು ಬೆಳೆ ನೋಡಿಯೇ ಹೇಳಬಹುದಿತ್ತು.

ಎರಡನೇ ಅಲೆ: ಕೋಲು ಕೈ ಬದಲಾಯಿತು

2021ರ ಏಪ್ರಿಲ್ 20ರಂದು ಪ್ರಧಾನಿ ಮತ್ತೆ ಟಿವಿಯಲ್ಲಿ ಬಂದರು. ಈ ಸಲ ಹೇಳಿದ್ದು ಉಲ್ಟಾ: ರಾಜ್ಯಗಳು ಲಾಕ್‌ಡೌನನ್ನು ಕೊನೆಯ ದಾರಿ ಎಂದುಕೊಳ್ಳಲಿ. ಅದೇ ಕಾಯ್ದೆ, ಅದೇ ಅಧಿಕಾರ, ಆದರೆ ದಿಲ್ಲಿ ಮುಚ್ಚಿಸುವ ಕೆಲಸ ತಾನು ಮಾಡುವುದಿಲ್ಲ ಎಂದಿತು. ಬೊಕ್ಕಸದ ಮೇಲೆ ಬೀಳುವ ಹೊಡೆತ ಮೊದಲ ವರ್ಷ ಎಲ್ಲರಿಗೂ ಗೊತ್ತಾಗಿತ್ತು. ಜಿಎಸ್‌ಟಿ ಬಂದಾಗ ರಾಜ್ಯಗಳಿಗೆ ಐದು ವರ್ಷ ನಷ್ಟ ತುಂಬಿ ಕೊಡುತ್ತೇವೆ ಎಂದು ಮಾತಾಗಿತ್ತು. 2020ರ ಆಗಸ್ಟಿನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಕೋವಿಡ್ ದೇವರ ಆಟ ಎಂದರು, ರಾಜ್ಯಗಳ ಮುಂದೆ ಸಾಲದ ದಾರಿ ಇಟ್ಟರು. ಅವರು ರಾಜ್ಯಸಭೆಗೆ ಹೋದದ್ದು ಕರ್ನಾಟಕದಿಂದಲೇ. ಮುಖ್ಯಮಂತ್ರಿ ನಮ್ಮ ಶಿಕಾರಿಪುರದವರು, ಸಂಸದ ಅವರ ಮಗ, ಪಂಚಾಯತ್ ರಾಜ್ ಮಂತ್ರಿ ಈಶ್ವರಪ್ಪ ಶಿವಮೊಗ್ಗ ನಗರದವರು, ಮೇಲೆ ದಿಲ್ಲಿಯಲ್ಲೂ ಅದೇ ಪಕ್ಷ. ಇಷ್ಟು ಹತ್ತಿರದ ನಂಟು ಇದ್ದರೆ ಕೇಳಿ ತರುವುದು ಸುಲಭ ಎಂದು ನಾವು ಅಂದುಕೊಂಡಿದ್ದೆವು. ನಂಟಸ್ತಿಕೆ ಜಾಸ್ತಿ ಇದ್ದ ಕಡೆ ಸಾಲ ಕೇಳುವುದು ಕಷ್ಟ ಎಂಬುದು ಆಮೇಲೆ ಹೊಳೆಯಿತು.

ಹಾಗಾಗಿ ಏಪ್ರಿಲ್ 27ರಿಂದ ರಾಜ್ಯವೇ ಮುಚ್ಚಿತು. ಮೇ 10ರಿಂದ ಇನ್ನೂ ಬಿಗಿ. ದಿನಸಿ ಬೆಳಿಗ್ಗೆ 6ರಿಂದ 10. ಜೂನ್ 14ರಂದು ಬೆಂಗಳೂರು ಸೇರಿ ಬಹುತೇಕ ಜಿಲ್ಲೆಗಳಲ್ಲಿ ಸಡಿಲ ಮಾಡಿದರೂ ಸೋಂಕು ಇಳಿಯದ 11 ಜಿಲ್ಲೆಗಳಲ್ಲಿ ಬೀಗ ಹಾಗೇ ಇತ್ತು. ಶಿವಮೊಗ್ಗ, ಚಿಕ್ಕಮಗಳೂರು, ಹಾಸನ, ಕೊಡಗು ಆ ಪಟ್ಟಿಯಲ್ಲಿದ್ದವು. ಒಂದು ವರ್ಷದ ಹಿಂದೆ ಹಸಿರು ವಲಯ ಎಂದು ಬೀಗಿದ್ದ ಮಲೆನಾಡು ಈಗ ಕೊನೆಗೆ ಉಳಿದವರ ಸಾಲಿನಲ್ಲಿತ್ತು.

ಮುಚ್ಚುವುದು ರಾಜ್ಯದ ಕೆಲಸವಾದರೂ ಉಸಿರು ದಿಲ್ಲಿಯ ಕೈಯಲ್ಲಿತ್ತು. ಯಾವ ರಾಜ್ಯಕ್ಕೆ ದಿನಕ್ಕೆ ಎಷ್ಟು ಟನ್ ಆಮ್ಲಜನಕ ಎಂದು ಕೇಂದ್ರ ಹಂಚುತ್ತಿತ್ತು. ಕರ್ನಾಟಕಕ್ಕೆ ಇದ್ದದ್ದು 965 ಟನ್. ಮೇ ಮೊದಲ ವಾರ ಚಾಮರಾಜನಗರದಲ್ಲಿ ಒಂದೇ ದಿನದಲ್ಲಿ 24 ಜನ ಸತ್ತರು. ಮೇ 5ರಂದು ಹೈಕೋರ್ಟ್ ಅದನ್ನು 1,200 ಟನ್‌ಗೆ ಏರಿಸಿ ಎಂದಿತು. ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಎರಡು ದಿನದಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಡಲು ಒಪ್ಪಲಿಲ್ಲ. ಸರ್ಕಾರ ಸರ್ಕಾರವನ್ನು ಕೇಳಿ ಪಡೆಯಬೇಕಾದ್ದನ್ನು ಕೋರ್ಟು ಕೊಡಿಸಬೇಕಾಯಿತು.

ಇದೇ ಹೊತ್ತಿಗೆ, 2021ರ ಏಪ್ರಿಲ್ ಮೇ ನಡುವೆ, ಜಿಲ್ಲಾ ಪಂಚಾಯಿತಿಗಳ ಅವಧಿಯೂ ಮುಗಿಯಿತು. ನೆನಪಿದೆಯಲ್ಲ, ಆ ಸಹ ಅಧ್ಯಕ್ಷರ ಕುರ್ಚಿ? ಎರಡನೇ ಅಲೆ ಏರಿದಾಗ ಅದು ಖಾಲಿ ಆಯಿತು. ಮೊದಲ ಅಲೆಯಲ್ಲಿ ಊರಿನ ಮೆಂಬರ್ ಇಲ್ಲ, ಎರಡನೆಯದರಲ್ಲಿ ಜಿಲ್ಲೆಯ ಮೆಂಬರ್ ಇಲ್ಲ. ಆದೇಶ ಇಳಿದು ಬರಲು ಎಲ್ಲ ಮೆಟ್ಟಿಲೂ ಇದ್ದವು. ದೂರು ಹತ್ತಿ ಹೋಗಲು ಕೆಳಗಿನ ಒಂದು ಮೆಟ್ಟಿಲು ಯಾವಾಗಲೂ ಇರಲಿಲ್ಲ. ನನ್ನ ಮಟ್ಟಿಗೆ ಆ ಎರಡು ವರ್ಷದ ರಾಜಕೀಯದ ತಿರುಳು ಇದೇ. 2024 ಮುಗಿದರೂ ಆ ಚುನಾವಣೆ ಆಗಿರಲಿಲ್ಲ.

ಸಾಲಿನಲ್ಲಿ ನಿಂತ ಕೊಡೆಗಳು

ಲಸಿಕೆಯ ವಿಷಯದಲ್ಲಿ ‘ಮೇಲೆ’ ಎಂಬುದು ಆರು ತಿಂಗಳಲ್ಲಿ ಎರಡು ಸಲ ಜಾಗ ಬದಲಿಸಿತು.

2021ರ ಜನವರಿ 16ಕ್ಕೆ ಶುರುವಾದಾಗ ಕೊಳ್ಳುವುದು, ಹಂಚುವುದು ಎಲ್ಲ ಕೇಂದ್ರ. ಮಾರ್ಚ್‌ನಲ್ಲಿ 60 ದಾಟಿದವರ ಸರದಿ. ಆಗ ಜನರೇ ಬರುತ್ತಿರಲಿಲ್ಲ. ಕೋವಿಶೀಲ್ಡಿನ ಒಂದು ಬಾಟಲಿಯಲ್ಲಿ 10 ಡೋಸು. ಒಮ್ಮೆ ಒಡೆದರೆ 4 ಗಂಟೆಯೊಳಗೆ ಮುಗಿಸಬೇಕು. ನಮ್ಮ ಆಶಾ ಕಾರ್ಯಕರ್ತೆ ಒಂಬತ್ತು ಜನರನ್ನು ಆಸ್ಪತ್ರೆಯಲ್ಲಿ ಕೂರಿಸಿ, ಹತ್ತನೆಯವರಿಗಾಗಿ ಮನೆ ಮನೆ ಅಲೆಯುತ್ತಿದ್ದಳು. “ಅಜ್ಜಿ, ನೀವು ಬಂದ್ರೆ ಬಾಟ್ಲಿ ಒಡೀಬಹುದು, ಬನ್ನಿ” ಎಂದು ನಮ್ಮ ಅಜ್ಜಿಯನ್ನು ಹೊರಡಿಸಿದ್ದು ಹಾಗೆ. ಅಜ್ಜಿ ಲಸಿಕೆಗೆ ಒಪ್ಪಲಿಲ್ಲ, ಬಾಟ್ಲಿ ಹಾಳಾಗುತ್ತದೆ ಎಂಬುದಕ್ಕೆ ಒಪ್ಪಿದರು.

ಮೇ 1ರಿಂದ 18 ದಾಟಿದ ಎಲ್ಲರಿಗೂ ಎಂದರು. ಜೊತೆಗೆ ನಿಯಮ ಬದಲಾಯಿತು. ತಯಾರಾದ ಲಸಿಕೆಯಲ್ಲಿ ಅರ್ಧ ಕೇಂದ್ರಕ್ಕೆ, ಉಳಿದರ್ಧ ರಾಜ್ಯಗಳಿಗೆ ಮತ್ತು ಖಾಸಗಿ ಆಸ್ಪತ್ರೆಗಳಿಗೆ. 18ರಿಂದ 44ರವರ ಲಸಿಕೆಯನ್ನು ರಾಜ್ಯವೇ ಕೊಳ್ಳಬೇಕು. ಒಂದೇ ಕೋವಿಶೀಲ್ಡ್ ಕೇಂದ್ರಕ್ಕೆ 150 ರೂಪಾಯಿ, ರಾಜ್ಯಕ್ಕೆ 300, ಖಾಸಗಿಗೆ 600. ಕರ್ನಾಟಕ 2 ಕೋಟಿ ಡೋಸಿಗೆ ಜಾಗತಿಕ ಟೆಂಡರ್ ಕರೆಯಿತು, ಕೈಗೂಡಲಿಲ್ಲ. ಮೇ 14ರಿಂದ ಯುವಕರ ಲಸಿಕೆಯನ್ನೇ ತಡೆಹಿಡಿಯಿತು, ಹಿರಿಯರ ಎರಡನೇ ಡೋಸಿಗೇ ಸಾಲದು ಎಂದು. ಅದರ ಹಿಂದಿನ ದಿನವಷ್ಟೇ ಕೇಂದ್ರ ಕೋವಿಶೀಲ್ಡಿನ ಎರಡು ಡೋಸುಗಳ ಅಂತರವನ್ನು 12–16 ವಾರಕ್ಕೆ ಹೆಚ್ಚಿಸಿತ್ತು. ಬ್ರಿಟನ್ನಿನ ಅನುಭವ ಆಧರಿಸಿ ಎಂದು ಸರ್ಕಾರ ಹೇಳಿತು. ಲಸಿಕೆ ಇಲ್ಲ ಅಂತ ಅಂತರ ಜಾಸ್ತಿ ಮಾಡಿದ್ರು ಎಂದು ಕಟ್ಟೆಯ ಮೇಲೆ ಹೇಳಿದರು.

ಆ ಮೇ ತಿಂಗಳ ಒಂದು ಬೆಳಗು ಕಣ್ಣಿಗೆ ಕಟ್ಟಿದ ಹಾಗಿದೆ. ಐದು ಗಂಟೆಗೆ ಆಸ್ಪತ್ರೆ ಮುಂದೆ ಹೋದರೆ ಸಾಲಿನಲ್ಲಿ ಜನ ಇರಲಿಲ್ಲ, ಸಾಮಾನು ಇತ್ತು. ಒಂದು ಕೊಡೆ, ಒಂದು ಜೊತೆ ಹವಾಯಿ ಚಪ್ಪಲಿ, ಮೇಲೆ ಚೀಟಿ ಇಟ್ಟ ಕಲ್ಲು, ಖಾಲಿ ಹಾಲಿನ ಕ್ಯಾನು, ಮಡಚಿದ ಕಂಬಳಿಕೊಪ್ಪೆ. ಜನ ಆಚೆ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ದೂರ ದೂರ ಕೂತಿದ್ದರು. ಒಂಬತ್ತಕ್ಕೆ ಸಿಸ್ಟರ್ ಬಂದು ‘ಇಂದು ಲಸಿಕೆ ಇಲ್ಲ’ ಎಂಬ ಹಾಳೆ ಅಂಟಿಸಿದರು. ಯಾರೂ ಕೂಗಾಡಲಿಲ್ಲ. ಅವರವರ ಕೊಡೆ, ಚಪ್ಪಲಿ ಎತ್ತಿಕೊಂಡು ಹೋದರು. ಎರಡು ತಿಂಗಳ ಹಿಂದೆ ಹತ್ತನೆಯವರನ್ನು ಹುಡುಕಿದ್ದು ಇದೇ ಆಸ್ಪತ್ರೆ.

ಮೇ 31ರಂದು ಸುಪ್ರೀಂ ಕೋರ್ಟ್ 18ರಿಂದ 44ರವರಿಗೆ ದುಡ್ಡು ಕೇಳುವ ಈ ನೀತಿ ಮೇಲ್ನೋಟಕ್ಕೆ ಮನಬಂದಂತಿದೆ, ತರ್ಕವಿಲ್ಲದ್ದು ಎಂದಿತು. ಜೂನ್ 7ರಂದು ಪ್ರಧಾನಿ ಮತ್ತೆ ಕೇಂದ್ರವೇ ಶೇ 75 ಕೊಂಡು ರಾಜ್ಯಗಳಿಗೆ ಪುಕ್ಕಟೆ ಕೊಡುತ್ತದೆ ಎಂದರು. ಜೂನ್ 21ರಿಂದ ಅದು ಜಾರಿಗೆ ಬಂತು. ಆಮೇಲೆ ಲಸಿಕೆಯ ಗಾಡಿ ನಿಜಕ್ಕೂ ಓಡಿತು. ಅಕ್ಟೋಬರ್ 21ಕ್ಕೆ ದೇಶದಲ್ಲಿ 100 ಕೋಟಿ ಡೋಸ್ ಆಯಿತು. ಸರ್ಟಿಫಿಕೇಟಿನ ಮೇಲೆ ಪ್ರಧಾನಿಯ ಫೋಟೋ ಯಾಕೆ ಎಂದು ಜಗಳ ಆದದ್ದು ನೆನಪಿರಬಹುದು. ರಾಜ್ಯಗಳು ಕೊಳ್ಳುತ್ತಿದ್ದ ಆ ಕೆಲವು ವಾರ ಛತ್ತೀಸಗಡ, ಜಾರ್ಖಂಡಿನಲ್ಲಿ ಯುವಕರ ಸರ್ಟಿಫಿಕೇಟಿನ ಮೇಲೆ ಅಲ್ಲಿನ ಮುಖ್ಯಮಂತ್ರಿಯ ಫೋಟೋ ಇತ್ತು. ದುಡ್ಡು ಕೊಟ್ಟವರ ಫೋಟೋ ಎಂಬ ಲೆಕ್ಕದಲ್ಲಿ ನಮ್ಮಜ್ಜಿಯ ಸರ್ಟಿಫಿಕೇಟಿಗೆ ಆ ಆಶಾ ಕಾರ್ಯಕರ್ತೆಯದ್ದನ್ನೂ ಹಾಕಬಹುದಿತ್ತು. ಆಟೋದ ಬಾಡಿಗೆ ಅವಳೇ ಕೊಟ್ಟಿದ್ದಳು.

ಮಕ್ಕಳ ಶಾಲೆಯ ಮಾತು ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಶಾಲೆ ರಾಜ್ಯದ್ದು, ದೂರಸಂಪರ್ಕ ಕೇಂದ್ರದ್ದು, ಮಳೆಗಾಲದಲ್ಲಿ ಕೊಡೆ ಹಿಡಿದು ನೆಟ್‌ವರ್ಕ್ ಸಿಗುವ ಗುಡ್ಡ ಹತ್ತಿದ್ದು ಮಕ್ಕಳು.

ಇನ್ನು ಆ ಉಣುಗೋಲು. ಅದನ್ನು ತೆಗೆಯಲು ಯಾವ ಆದೇಶವೂ ಬರಲಿಲ್ಲ, ಹಾಕಲೂ ಬಂದಿರಲಿಲ್ಲವಲ್ಲ. ಹಾಕಿದ ಮೂರನೇ ವಾರ ಹಾಲಿನ ಗಾಡಿಯ ಡ್ರೈವರ್ ಇಳಿದು ಬಂದ. ದಿನಾ ಮೂರು ಕಂಬ ಎಳೆದು ಮತ್ತೆ ತೂರಿಸಿ ಸಾಕಾಯ್ತು ಎಂದವನೇ ಮೂರನ್ನೂ ಎತ್ತಿ ಚರಂಡಿಗೆ ಹಾಕಿದ. ದೊಡ್ಡಪ್ಪ ನೋಡುತ್ತಾ ಕೂತಿದ್ದರು. “ಮೇಲಿಂದ ಕೇಳಿದ್ರೆ?” ಎಂದೆ. “ನೀನೇ ಹೇಳು, ಓದಿದೀಯಲ್ಲ” ಎಂದು ಬೋರ್ಡು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋದರು. ಅದರ ಹಿಂದೆ ಬಿಸ್ಕತ್ತಿನ ಚಿತ್ರ ಇತ್ತು, ಮೊಮ್ಮಗನಿಗೆ ಬೇಕಂತೆ.